ಬಿಗಿ ತಲೆನೋವಿಗೆ ಕಾಲುಚೀಲದಲ್ಲಿ ಎರಡು ಚೆಂಡು

ಹಣೆಗೆ ಪಟ್ಟಿ ಬಿಗಿದ ಹಾಗೆ ತಲೆ ನೋಯುತ್ತಿದ್ದರೆ, ಒಂದು ಕಾಲುಚೀಲದೊಳಗೆ ಎರಡು ಟೆನಿಸ್ ಚೆಂಡು ಹಾಕಿ ಗಂಟು ಕಟ್ಟಿ. ಚಾಪೆ ಮೇಲೆ ಅಂಗಾತ ಮಲಗಿ, ತಲೆಬುರುಡೆ ಮುಗಿದು ಕತ್ತು ಶುರುವಾಗುವ ಕಡೆ, ನಡುವಿನ ಮೂಳೆಯ ಆಚೆಗೊಂದು ಈಚೆಗೊಂದು ಚೆಂಡು ಬರುವ ಹಾಗೆ ಇಟ್ಟುಕೊಂಡು ತಲೆಯ ಭಾರ ಪೂರ್ತಿ ಬಿಟ್ಟುಬಿಡಿ. 5 ನಿಮಿಷ ಸಾಕು. ನಡುನಡುವೆ ‘ಹೂಂ’ ಅನ್ನುವಾಗಿನ ಹಾಗೆ ಮೆಲ್ಲಗೆ ತಲೆಯಾಡಿಸಿ. ಆಗ ಮಾತ್ರ ಮೊಬೈಲ್ ಬೇಡ, ಅರ್ಧ ಕಾಟ ಅದರದ್ದೇ ಅಲ್ವಾ! ಬಗ್ಗಿ ಪರದೆ ನೋಡುವಾಗ ತಲೆಯ 4–5 ಕೆಜಿ ಭಾರ ಕತ್ತಿನ ಹಿಂದಿನ ಸ್ನಾಯುಗಳ ಮೇಲೆ ಬೀಳುತ್ತದೆ. ಬುರುಡೆಯ ಬುಡದಲ್ಲಿರುವ ಪುಟ್ಟ ಸ್ನಾಯುಗಳು ಬಿಗಿದುಕೊಂಡರೆ ನೋವು ಹಣೆಯಲ್ಲಿ, ಕಣ್ಣಿನ ಹಿಂದೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಸುಮ್ನೆ ಹಣೆ ತಿಕ್ಕುವುದಕ್ಕಿಂತ ಅಲ್ಲಿ ಒತ್ತುವುದು ಮೇಲು. ಒಂದೇ ಪಕ್ಕ ಸಿಡಿಯುವ, ವಾಕರಿಕೆ ತರುವ ಮೈಗ್ರೇನ್‌ಗೆ ಇದರಿಂದ ಜಾಸ್ತಿ ಪ್ರಯೋಜನವಿಲ್ಲ. ಕತ್ತಿನ ಮೂಳೆ ಸವೆದವರು, ಕೈ ಜೋಮು ಹಿಡಿಯುವವರು ಡಾಕ್ಟರನ್ನು ಕೇಳದೆ ಮಾಡಬೇಡಿ. ಇದ್ದಕ್ಕಿದ್ದಂತೆ ತಡೆಯಲಾರದಷ್ಟು ತಲೆನೋವು ಬಂದರೆ, ಅಥವಾ ಜ್ವರದ ಜೊತೆ ಕತ್ತು ಸೆಟೆದುಕೊಂಡರೆ ಚೆಂಡು ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.