ಬಳೆ, ಪ್ಯಾಂಟು, ಜುಟ್ಟು ಯಾರದು? ಮೂರು ಡಬ್ಬಿಯ ಆಟ

ಬೇಲೂರು ಕಡೆಯ ಶಾಲೆಯಲ್ಲಿ ನಲಿ-ಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳ ಜೊತೆ, ಯಾವ ಉಡುಪು-ಒಡವೆ ಹುಡುಗರದು, ಯಾವುದು ಹುಡುಗಿಯರದು ಎಂಬುದರ ಬಗ್ಗೆ ನಾನು ಮಾಡಿಸುವ ಚಟುವಟಿಕೆ ಇದು. ಮನೆಯಲ್ಲೂ ಮಾಡಬಹುದು.

"ಯಾರು ಏನು ಬೇಕಾದರೂ ಹಾಕ್ಕೋಬಹುದು" ಅಂತ ಮಕ್ಕಳಿಗೆ ನಾನು ಹೇಳುವುದಿಲ್ಲ. ಬೀದಿಯಲ್ಲಿ ಹಾಗೆ ಕಾಣುವುದಿಲ್ಲವಲ್ಲ, ಮಗು ನಂಬುವುದಿಲ್ಲ. "ಈಗ ನಮ್ಮೂರಲ್ಲಿ ರೂಢಿ ಹೀಗಿದೆ, ಮುತ್ತಜ್ಜನ ಕಾಲಕ್ಕೆ ಬೇರೆ ಇತ್ತು, ಇನ್ನೂ ಬದಲಾಗುತ್ತೆ" ಅಂದರೆ ನಂಬುತ್ತದೆ. ಯಾಕೆಂದರೆ ಅದನ್ನು ತೋರಿಸಬಹುದು.

ಮೂರು ವರ್ಷದ ಹೊತ್ತಿಗೆ ಮಗು ತಾನು ಹುಡುಗನೋ ಹುಡುಗಿಯೋ ಹೇಳಲು ಕಲಿತಿರುತ್ತದೆ. ಆದರೆ ಕೂದಲು ಕತ್ತರಿಸಿದರೆ ಹುಡುಗಿ ಹುಡುಗನೇ ಆಗಿಬಿಡುತ್ತಾಳೆ ಎಂಬ ನಂಬಿಕೆ ಐದಾರು ವರ್ಷದವರೆಗೂ ಉಳಿದಿರಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ 1966ರಲ್ಲೇ ಇದನ್ನು ವಿವರಿಸಿದ್ದರು. ಈ ವಯಸ್ಸಿನ ಹುಡುಗ ಗುಲಾಬಿ ಬಣ್ಣದ ಲೋಟ ಮುಟ್ಟದೆ ಹಠ ಮಾಡಿದರೆ ಬೈದು ಫಲವಿಲ್ಲ. ಮೊದಲು ಧೈರ್ಯ ಕೊಡಬೇಕು: ಬಳೆ ತೊಟ್ಟರೂ ನೀನು ನೀನೇ, ಬಿಚ್ಚಿದರೂ ನೀನೇ.

ಬೇಕಾದದ್ದು ಮೂರು ರಟ್ಟಿನ ಡಬ್ಬಿ, ಹದಿನೈದು ಚಿತ್ರ ಅಥವಾ ವಸ್ತು: ಬಳೆ, ಪಂಚೆ, ಪ್ಯಾಂಟು, ಕಿವಿಯೋಲೆ, ಹೂವಿನ ದಂಡೆ, ಖಾಕಿ ಅಂಗಿ, ಟೋಪಿ, ಕಾಲ್ಗೆಜ್ಜೆ ಇಂಥವು. ಡಬ್ಬಿಗಳ ಮೇಲೆ ‘ಹುಡುಗರು’, ‘ಹುಡುಗಿಯರು’, ‘ಇಬ್ಬರೂ’ ಅಂತ ಬರೆದಿಡಿ. ಒಮ್ಮೆಗೆ ಆರು ಮಕ್ಕಳು, ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಎಳೆದರೆ ಡಬ್ಬಿಯೇ ಚೆಂಡಾಗುತ್ತದೆ. "ಇದು ಯಾರದು?" ಅಂತ ಕೇಳಿದರೆ ಮೇಷ್ಟರಿಗೆ ಏನು ಬೇಕೋ ಅದನ್ನೇ ಊಹಿಸಿ ಹೇಳುತ್ತಾರೆ. "ಇದನ್ನ ಯಾರ ಮೈಮೇಲೆ ನೋಡಿದ್ದೀಯ?" ಅಂತ ಕೇಳಬೇಕು. ಮೊದಲ ದಿನ ಯಾರನ್ನೂ ತಿದ್ದಬೇಡಿ. ಯಾವ ಡಬ್ಬಿಯಲ್ಲಿ ಏನು ಬಿತ್ತೆಂದು ಬರೆದಿಟ್ಟುಕೊಳ್ಳಿ.

ಎರಡನೆಯ ಸಲಕ್ಕೆ ಮನೆಯಿಂದ ಹಳೇ ಫೋಟೋ ತರಲು ಹೇಳಿ. ನಿಜವಾದ ಪಾಠ ಇರುವುದು ಇಲ್ಲೇ. ಮುಡಿ ತೆಗೆಸುವ ಮುಂಚೆ ಗಂಡುಮಗುವಿಗೆ ಜಡೆ ಹೆಣೆದು, ಹೂ ಮುಡಿಸಿ, ಲಂಗ ತೊಡಿಸಿ ತೆಗೆಸಿದ ಫೋಟೋ ಎಷ್ಟೋ ಮನೆಗಳಲ್ಲಿ ಸಿಗುತ್ತದೆ. ಅಪ್ಪನದೇ ಸಿಕ್ಕರೆ ಇನ್ನೂ ಒಳ್ಳೆಯದು. ಕಿವಿಗೆ ಒಂಟಿ ಹಾಕಿದ ಮುತ್ತಜ್ಜ, ಜುಟ್ಟು ಬಿಟ್ಟ ಪುರೋಹಿತರು, ಯಕ್ಷಗಾನದ ಸ್ತ್ರೀವೇಷದ ಗಂಡಸು ಎಲ್ಲವೂ ಸೇರಲಿ. ಕಾಫಿ ತೋಟಕ್ಕೆ ಹೋಗುವ ಅಮ್ಮಂದಿರು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ಹಾಕುತ್ತಾರೆ. ಯಾಕೆ ಅಂತ ಮಕ್ಕಳನ್ನೇ ಕೇಳಿ. ಗಿಡ ತರಚುತ್ತೆ, ಇರುವೆ ಕಚ್ಚುತ್ತೆ ಅಂತ ತಕ್ಷಣ ಉತ್ತರ ಬರುತ್ತದೆ. ಬಸ್ಸಿನ ಕಂಡಕ್ಟರಮ್ಮನ ಖಾಕಿಯೂ ಇದೇ ಸಾಲಿಗೆ. ರೂಢಿಗಾಗಿ ಹಾಕುವುದು ಬೇರೆ, ಕೆಲಸಕ್ಕಾಗಿ ಹಾಕುವುದು ಬೇರೆ ಎಂಬುದು ಮಕ್ಕಳ ತಲೆಗೆ ತಾನಾಗಿ ಹತ್ತುತ್ತದೆ.

ದೇವಸ್ಥಾನಕ್ಕೆ ಹೋದಾಗ ಒಂದು ಎಣಿಕೆಯ ಆಟ ಆಡಿಸಬಹುದು. ಹಳೇಬೀಡಿನ ದ್ವಾರಪಾಲಕರ ಮೈಮೇಲೆ ಎಷ್ಟು ಒಡವೆ? ಕಿವಿಯ ಕುಂಡಲ, ಹಾರ, ತೋಳಬಂದಿ, ಡಾಬು, ಕಾಲಿನ ಒಡವೆ, ಮುಗಿಯುವುದೇ ಇಲ್ಲ. ಬೇಲೂರಿನ ಮದನಿಕೆಯರಲ್ಲಿ ಕನ್ನಡಿ ನೋಡುವವಳೂ ಇದ್ದಾಳೆ, ಬಿಲ್ಲು ಹಿಡಿದವಳೂ ಇದ್ದಾಳೆ. ಬೇಲೂರಿನ ಗುಡಿ ಕಟ್ಟಲು ಶುರುವಾದದ್ದು 1117ರಲ್ಲಿ. ಗುಲಾಬಿ ಬಣ್ಣದ ಜಗಳಕ್ಕೆ ಮಾತ್ರ ಹೊರಗಿನ ಉದಾಹರಣೆ ಬೇಕು: 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರಿ ಪತ್ರಿಕೆಯೊಂದು ಗುಲಾಬಿ ಗಟ್ಟಿ ಬಣ್ಣ, ಹುಡುಗರಿಗೆ ಅದೇ ಸರಿ, ನೀಲಿ ನಾಜೂಕು, ಅದು ಹುಡುಗಿಯರಿಗೆ ಅಂತ ಬರೆದಿತ್ತು. ಇದು ಮಕ್ಕಳಿಗಿಂತ ಅಪ್ಪಂದಿರಿಗೆ ಹೆಚ್ಚು ಉಪಯೋಗ.

ಇಷ್ಟಾದ ಮೇಲೆ ಡಬ್ಬಿಗಳನ್ನು ಮತ್ತೆ ತುಂಬಿಸಿ, ಮೊದಲ ಪಟ್ಟಿಯ ಜೊತೆ ಹೋಲಿಸಿ.

ಈ ಪಾಠ ಕೆಡುವುದು ಹೆಚ್ಚಾಗಿ ಆಟದ ಬಯಲಲ್ಲಿ. ತಿರುಪತಿ ಹರಕೆಗೆ ಕೂದಲು ಬಿಟ್ಟ ಹುಡುಗನಿಗೆ, ಹೇನು ಜಾಸ್ತಿಯಾಗಿ ಬಾಯ್‌ಕಟ್ ಮಾಡಿಸಿಕೊಂಡ ಹುಡುಗಿಗೆ ರೇಗಿಸುವವರು ಇದ್ದೇ ಇರುತ್ತಾರೆ. ಮಗುವಿಗೆ ಉದ್ದ ವಾದ ಕಲಿಸಬೇಡಿ. "ಹೂಂ, ನನ್ನ ಕೂದ್ಲು. ಆಟಕ್ಕೆ ಬರ್ತೀಯಾ?" ಅಷ್ಟೇ. ಜೋರಾಗಿ ನಾಲ್ಕೈದು ಸಲ ಹೇಳಿಸಿ, ನೀವೇ ರೇಗಿಸುವವರ ಪಾತ್ರ ಮಾಡಿ. ಇನ್ನೊಂದು, ಅಜ್ಜಿಯ ಮೇಲೆ ಮಗುವನ್ನು ಎತ್ತಿಕಟ್ಟಬಾರದು. "ಅಜ್ಜಿ ಹೇಳಿದ್ದು ತಪ್ಪು" ಅನ್ನುವ ಬದಲು "ನಿಮ್ಮ ಕಾಲದಲ್ಲಿ ಹೆಂಗಿತ್ತು ಅಜ್ಜಿ?" ಅಂತ ಕೇಳಿಸಿ, ಅಜ್ಜಿಯೇ ಅರ್ಧ ಪಾಠ ಮಾಡಿಬಿಡುತ್ತಾರೆ.

ಬಸ್‌ಸ್ಟ್ಯಾಂಡಿನಲ್ಲಿ ಮಂಗಳಮುಖಿಯರನ್ನು ಕಂಡು ಮಗು "ಅವರು ಗಂಡಸಾ, ಹೆಂಗಸಾ?" ಅಂತ ಜೋರಾಗಿ ಕೇಳಿದರೆ ಬಾಯಿ ಮುಚ್ಚಿಸಬೇಡಿ. "ಹುಟ್ಟಿದಾಗ ಜನ ಅವರನ್ನ ಗಂಡು ಅಂದಿದ್ರು, ಅವರು ತಮ್ಮನ್ನ ಹೆಣ್ಣು ಅಂತಾರೆ. ನಾವು ಅಕ್ಕ ಅನ್ನೋಣ" ಅಂದರೆ ಸಾಕು. ಮಂಗಳಮುಖಿಯೇ ಆದ, ಜೋಗತಿ ನೃತ್ಯದ ಕಲಾವಿದೆ ಮಂಜಮ್ಮನವರು ಪದ್ಮಶ್ರೀ ಪಡೆದ ಫೋಟೋವನ್ನೂ ತೋರಿಸಬಹುದು. ಹಾಗೆಂದು ಬಳೆ ಇಷ್ಟಪಡುವ ಹುಡುಗನನ್ನು ನೋಡಿ ಹಿರಿಯರು ಏನೇನೋ ಲೆಕ್ಕ ಹಾಕಬೇಕಿಲ್ಲ, ಗಲಗಲ ಸದ್ದು ಯಾರಿಗೆ ಬೇಡ?

ಮರುವಿಂಗಡಣೆಯಲ್ಲಿ ಹುಡುಗಿಯರು ತಾವಾಗಿ ಎತ್ತುವ ಪ್ರಶ್ನೆ ಜೇಬಿನದು: ಅವರ ಚೂಡಿದಾರಕ್ಕೆ ಎಷ್ಟೋ ಸಲ ಜೇಬೇ ಇರುವುದಿಲ್ಲ. ಇದಕ್ಕೆ ಚರ್ಚೆ ಬೇಡ, ಟೈಲರ್ ಸಾಕು. ಅಳತೆ ಕೊಡುವಾಗಲೇ ಬಲಬದಿಯ ಹೊಲಿಗೆಯಲ್ಲಿ ಜೇಬು ಇಡಲು ಹೇಳಿ, ಅಂಗೈ ಮುಳುಗುವಷ್ಟು ಆಳ ಇರಲಿ. ಹೊಲಿದ ಮೇಲೆ ಹೇಳಿದರೆ ಬದಿ ಬಿಚ್ಚಬೇಕಾಗುತ್ತದೆ.