ಕಾರಿಲ್ಲದೆ ಕೊಡೈಕೆನಾಲ್, ಅದೂ ಅಮ್ಮನ ಜೊತೆ

"ಅರವತ್ತೆಂಟರ ಅಮ್ಮನ್ನ ಕರ್ಕೊಂಡು ಗೌರ್ಮೆಂಟ್ ಬಸ್ಸಲ್ಲಿ ಘಾಟಿ ಹತ್ತೀಯಾ? ತಲೆ ಕೆಟ್ಟಿದ್ಯಾ ನಿಂಗೆ?" ಎಂದಿದ್ದರು ಭಾವ. ಹೋಗಿ ಬಂದು ತಿಂಗಳಾಯ್ತು. ಈಗ ಅವರೇ ಫೋನ್ ಮಾಡಿ ವಿವರ ಕೇಳುತ್ತಿದ್ದಾರೆ.

ಇದಕ್ಕೆ ಮೊದಲು ಎರಡು ಸಲ ಸೋತಿದ್ದೆ. ಮೊದಲನೇದು ಮೇ ತಿಂಗಳು, ಬಾಡಿಗೆ ಕಾರು. ಸಿಲ್ವರ್ ಕ್ಯಾಸ್ಕೇಡ್ ಜಲಪಾತದ ಹತ್ತಿರ ಎರಡು ಗಂಟೆ ಗಾಡಿ ಅಲ್ಲಾಡಲಿಲ್ಲ. ಅಮ್ಮನಿಗೆ ದಾರಿಯುದ್ದಕ್ಕೂ ವಾಂತಿ. ರಾತ್ರಿಗೆ ನಾಲ್ಕೂವರೆ ಸಾವಿರದ ರೂಮು, ಕಿಟಕಿ ತೆಗೆದರೆ ಕೆರೆ ಎಂದಿದ್ದರು. ತೆಗೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು! ಮೂರು ದಿನಕ್ಕೆ 26 ಸಾವಿರ ಹೋಯಿತು. ಎರಡನೇ ಸಲ ಡಿಸೆಂಬರ್ ರಜೆ. ಕಣಿವೆ ನೋಡೋಕೆ ಹೋಗುವ ಕಾಲುದಾರಿ ಕೋಕರ್ಸ್ ವಾಕ್‌ನಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ.

ಈ ಸಲ ಫೆಬ್ರವರಿ, ಸೋಮವಾರ ರಾತ್ರಿ ಬೆಂಗಳೂರಲ್ಲಿ ತೂತ್ತುಕುಡಿ ರೈಲು, ಸ್ಲೀಪರ್. ಬೆಳಿಗ್ಗೆ ಕೊಡೈಕೆನಾಲ್ ರೋಡ್ ಸ್ಟೇಷನ್. ಹೆಸರು ನಂಬಬೇಡಿ, ಊರು ಇನ್ನೂ 80 ಕಿ.ಮೀ. ದೂರ. ಘಾಟಿ ಕೆಳಗಿನ ಊರು ವತ್ತಲಗುಂಡಿಗೆ ಒಂದು ಬಸ್, ಅಲ್ಲಿಂದ ಘಾಟಿಗೆ ಇನ್ನೊಂದು. 2024ರ ಮೇ ತಿಂಗಳಿಂದ ಸ್ವಂತ ಗಾಡಿಯವರಿಗೆ ಇ-ಪಾಸ್ ಬೇಕು. ಸರ್ಕಾರಿ ಬಸ್ಸಿನವರಿಗೆ ಆ ರಗಳೆಯೇ ಇಲ್ಲ.

ವಾಂತಿಗೆ ಶುಂಠಿ, ನಿಂಬೆಹಣ್ಣು, ಮಾತ್ರೆ ಎಲ್ಲಾ ನೋಡಿಯಾಗಿತ್ತು. ಈ ಸಲ ಕೆಲಸ ಮಾಡಿದ್ದು ಇಷ್ಟು: ಹೊಟ್ಟೆಗೆ ಎರಡೇ ಇಡ್ಲಿ, ಕಾಫಿ ಬಂದ್, ಮುಂದಿನ ಗಾಜು ಪೂರ್ತಿ ಕಾಣುವ ಸೀಟು. ಆ ಸೀಟು ಹೇಗೆ ಹಿಡಿದೆ ಅನ್ನೋದನ್ನ ಮಾತ್ರ ಹೇಳಲ್ಲ.

ಬುಧವಾರ ಬೆಳಿಗ್ಗೆ ಆರೂವರೆಗೆ ಕೆರೆ ದಂಡೆಯಲ್ಲಿ ನಾವಿಬ್ಬರೇ ಅಂದರೂ ನಡೆಯುತ್ತೆ. ನೀರಿನ ಮೇಲೆ ಹಬೆ ಏಳುತ್ತಿತ್ತು. ಬಾಡಿಗೆ ಸೈಕಲ್‌ಗಳು ಇನ್ನೂ ಚೈನ್ ಹಾಕಿ ನಿಂತಿದ್ದವು. ಅಮ್ಮ ಮಂಕಿ ಕ್ಯಾಪ್ ಮೇಲೆ ಸೆರಗು ಹೊದ್ದು, "ಪ್ರದಕ್ಷಿಣೆ ಅಂದ್ರೆ ಕೆರೆ ಬಲಕ್ಕಿರಬೇಕು" ಅಂತ ನನ್ನನ್ನ ವಾಪಸ್ ತಿರುಗಿಸಿದರು. 1863ರಲ್ಲಿ ಮಧುರೈ ಕಲೆಕ್ಟರ್ ಲೆವಿಂಜ್ ಕಟ್ಟಿಸಿದ ಕೆರೆ ಅದು. ನಕ್ಷೆಯಲ್ಲಿ ನಕ್ಷತ್ರದ ಹಾಗಿದೆ. ಅದರ ಕಷ್ಟ ನಡೆದವರಿಗೇ ಗೊತ್ತು. ಒಂದು ತಿರುವಲ್ಲಿ ಮುಗೀತು ಅಂದ್ಕೊಂಡರೆ ಇನ್ನೊಂದು ತೋಳು ಚಾಚಿಕೊಂಡಿರುತ್ತೆ. ಸುತ್ತು ಸುಮಾರು ಐದು ಕಿ.ಮೀ. ಅಮ್ಮ ಮೂರು ಕಡೆ ಕೂತು, ಎರಡು ಗಂಟೆ ಒಳಗೆ ಮುಗಿಸಿದರು. ಕೊನೆಯಲ್ಲಿ ಕಾಲು ಹಿಡಿದುಕೊಂಡಿದ್ದು ನಂದು.

ಮಧ್ಯಾಹ್ನ ಅಮ್ಮ ಮಲಗಿದಾಗ ಸುಮ್ನೆ ಸೌರ ವೀಕ್ಷಣಾಲಯದ ಕಡೆ ಏರು ಹತ್ತಿದೆ. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯೋದನ್ನ 1909ರಲ್ಲಿ ಬ್ರಿಟಿಷ್ ಖಗೋಳ ವಿಜ್ಞಾನಿ ಎವರ್‌ಶೆಡ್ ಕಂಡುಹಿಡಿದಿದ್ದು ಅಲ್ಲೇ. ನಾನು ಹೋದಾಗ ಮೋಡ. ಸೂರ್ಯನೇ ಇಲ್ಲ! ಇಳಿಯುವಾಗ ಮಳೆ ಬೇರೆ.

ಇಬ್ಬರಿಗೂ ಸೇರಿ, ಎರಡು ರಾತ್ರಿ ರೂಮು, ಊಟ, ರೈಲು, ಬಸ್ಸು ಎಲ್ಲಾ ಏಳು ಸಾವಿರದ ಆಸುಪಾಸು. ಅಮ್ಮ ತಗೊಂಡ ನೀಲಗಿರಿ ಎಣ್ಣೆ, ಚಾಕೊಲೇಟ್ ಲೆಕ್ಕ ಬೇರೆ. ರೂಮಿನವರ ಫೋನ್ ನಂಬರ್ ಭಾವ ಎರಡು ಸಲ ಕೇಳಿದ್ದಾರೆ. ಕೊಟ್ಟಿಲ್ಲ. ಅಲ್ಲಿರೋದೇ ನಾಲ್ಕು ರೂಮು.