ಮನೆಯಲ್ಲಿ ಧ್ವನಿ ಮುದ್ರಿಸುವಾಗ ಹಿನ್ನೆಲೆಯ ಸದ್ದನ್ನು ತಗ್ಗಿಸುವುದು

ಆಡಿಯೋ ಪುಸ್ತಕಕ್ಕೋ ಜಾಹೀರಾತಿಗೋ ಮನೆಯಲ್ಲೇ ಧ್ವನಿ ಕೊಡುವವರಲ್ಲಿ ಅನೇಕರು ಸದ್ದು ತೆಗೆಯುವ ಕೆಲಸವನ್ನು ಸಾಫ್ಟ್‌ವೇರ್‌ಗೆ ಬಿಟ್ಟುಬಿಡುತ್ತಾರೆ. ಆದರೆ ಮಾತಿನೊಂದಿಗೆ ಬೆರೆತ ಸದ್ದನ್ನು ಬೇರ್ಪಡಿಸುವಾಗ ಮಾತಿನ ಒಂದಿಷ್ಟು ಅಂಶವೂ ಸವೆದುಹೋಗುವುದರಿಂದ, ಸದ್ದನ್ನು ಮೈಕ್‌ಗೆ ತಲುಪುವ ಮೊದಲೇ ತಡೆಯುವುದು ಲೇಸು.

ಮೊದಲಿಗೆ, ಮಾತನಾಡದೆ ಅರ್ಧ ನಿಮಿಷ ಕೋಣೆಯ ಮೌನವನ್ನೇ ಮುದ್ರಿಸಿ, ಹೆಡ್‌ಫೋನಿನಲ್ಲಿ ದನಿಯೇರಿಸಿ ಕೇಳಬೇಕು. ಬರಿಗಿವಿಗೆ ರೂಢಿಯಾಗಿಹೋದ ಫ್ರಿಜ್, ಇನ್ವರ್ಟರ್, ಹಳೆಯ ಟ್ಯೂಬ್‌ಲೈಟಿನ ಚೋಕ್ ಎಲ್ಲವೂ ಆಗ ಎದ್ದು ಕೇಳಿಸುತ್ತವೆ. ಫ್ಯಾನನ್ನಂತೂ ಆರಿಸಲೇಬೇಕು, ಸೆಕೆಯಾದರೆ ನಡುನಡುವೆ ಬಿಡುವು ತೆಗೆದುಕೊಳ್ಳಬಹುದೇ ಹೊರತು ನಿಧಾನಕ್ಕೆ ತಿರುಗಲಿ ಎಂಬ ರಾಜಿ ಸಲ್ಲದು.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು, ಖರ್ಚಿಲ್ಲದ ಒಂದು ಉಪಾಯ: ಮೈಕನ್ನು ಬಾಯಿಯ ಹತ್ತಿರಕ್ಕೆ ತರುವುದು. ಬಾಯಿಗೂ ಮೈಕ್‌ಗೂ ನಡುವಿನ ಅಂತರ ಅರ್ಧಕ್ಕಿಳಿದರೆ ನೇರವಾಗಿ ತಲುಪುವ ಧ್ವನಿ ಸುಮಾರು 6 ಡೆಸಿಬಲ್ ಏರುತ್ತದೆ. ದೂರದಿಂದ ಬರುವ ಸದ್ದು ಮಾತ್ರ ಇದ್ದಷ್ಟೇ ಇರುವುದರಿಂದ, ಗೇನ್ (ಮೈಕ್‌ನ ಸಂಕೇತವನ್ನು ಹಿಗ್ಗಿಸುವ ಮಟ್ಟ) ಇಳಿಸಿದಾಗ ಅದೂ ಕೆಳಗಿಳಿಯುತ್ತದೆ. ಒಂದು ಗೇಣಿನಷ್ಟು ಅಂತರವಿಟ್ಟು, ಉಸಿರು ನೇರವಾಗಿ ಬಡಿಯದಂತೆ ಮೈಕನ್ನು ತುಸು ಓರೆಗೆ ನಿಲ್ಲಿಸಿ, ಉಸಿರಿನ ಹೊಡೆತವನ್ನು ತಡೆಯುವ ಜಾಲರಿಯಾದ ಪಾಪ್ ಫಿಲ್ಟರ್ ಹಾಕಿಕೊಂಡರೆ ಸಾಕು. ಮುಖ್ಯವಾಗಿ ಮುಂದಿನ ಧ್ವನಿಯನ್ನು ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಕಡೆಯ ಸದ್ದನ್ನು ಅತ್ಯಂತ ಕಡಿಮೆ ಹಿಡಿಯುವುದರಿಂದ, ಅದರ ಬೆನ್ನು ಕಿಟಕಿಯ ಕಡೆಗಿರಲಿ.

ಗೋಡೆಗೆ ಹೊದಿಕೆ ಹಾಕುವ ವಿಚಾರದಲ್ಲಿ ಒಂದು ಗೊಂದಲವಿದೆ. ಕೌದಿ, ರಗ್ಗು, ದಪ್ಪ ಪರದೆಗಳು ಕೋಣೆಯೊಳಗಿನ ಮಾರ್ದನಿಯನ್ನು ಹೀರಿಕೊಳ್ಳುತ್ತವೆಯೇ ಹೊರತು ಬೀದಿಯ ಬಸ್ಸಿನ ಗುಡುಗನ್ನು ತಡೆಯಲಾರವು. ಹೊರಗಿನ ಸದ್ದನ್ನು ತಡೆಯಲು ಭಾರವಾದ ಬಾಗಿಲು, ಸಂದಿಲ್ಲದ ಚೌಕಟ್ಟು ಬೇಕು. ಆದ್ದರಿಂದ ಕಿಟಕಿಯ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ, ಬಾಗಿಲ ಕೆಳಗಿನ ಸಂದಿಗೆ ಸುರುಳಿ ಸುತ್ತಿದ ಟವೆಲ್ ಇಡಬೇಕು. ಕೌದಿಯನ್ನು ಮಾತನಾಡುವವರ ಬೆನ್ನ ಹಿಂದೆಯೇ ಮೊದಲು ತೂಗುಹಾಕುವುದು ಸರಿ, ಏಕೆಂದರೆ ಮೈಕ್‌ನ ಮುಖ ಇರುವುದು ಆ ಗೋಡೆಯತ್ತ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟರೂ ಪ್ರಯೋಜನವಿದೆ. ಮೊಟ್ಟೆ ಟ್ರೇಗಳನ್ನು ಅಂಟಿಸುವ ಸಲಹೆಯನ್ನು ಮಾತ್ರ ನಂಬಬೇಕಿಲ್ಲ. ಅವು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಬೆಂಕಿಗೆ ಮಾತ್ರ ಬೇಗ ತುತ್ತಾಗುತ್ತವೆ.

ಗುಂಯ್ ಎನ್ನುವ ಒಂದೇ ಸಮನಾದ ನಾದ ಉಳಿದಿದ್ದರೆ ಅದು 50 ಹರ್ಟ್ಸ್‌ನ ವಿದ್ಯುತ್ತಿನದಾಗಿರಬಹುದು. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿದಾಗ ಅದು ನಿಂತರೆ ಕಾರಣ ಸಿಕ್ಕಂತಾಯಿತು. ಹಾಗೆಂದು ಪ್ಲಗ್ಗಿನ ಅರ್ತ್ ಪಿನ್ ತೆಗೆಯುವ ಸಾಹಸ ಬೇಡ.

ಉಳಿದದ್ದು ಸಾಫ್ಟ್‌ವೇರ್‌ಗೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ತಗ್ಗಿಸುವ ಹೈ-ಪಾಸ್ ಫಿಲ್ಟರ್ ಹಾಕಿ, ಆಮೇಲೆ ಆಡಾಸಿಟಿಯಂಥ ತಂತ್ರಾಂಶಕ್ಕೆ ಮೌನದ ತುಣುಕನ್ನು ಮಾದರಿಯಾಗಿ ಕೊಟ್ಟು 6ರಿಂದ 12 ಡೆಸಿಬಲ್‌ನಷ್ಟು ಮಾತ್ರ ಸದ್ದು ಇಳಿಸಬೇಕು. ಮೀರಿದರೆ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಆಡಿಯೋ ಪುಸ್ತಕಗಳಿಗಾಗಿ ಅಮೆಜಾನ್ ಒಡೆತನದ ಎಸಿಎಕ್ಸ್ ವೇದಿಕೆ ವಿಧಿಸುವ ಮಿತಿಯಲ್ಲಿ ಹಿನ್ನೆಲೆಯ ಸದ್ದು ಮೈನಸ್ 60 ಡೆಸಿಬಲ್ (ಡಿಜಿಟಲ್ ಮುದ್ರಣದಲ್ಲಿ ಸೊನ್ನೆಯೇ ಗರಿಷ್ಠ ಮಟ್ಟ) ಮೀರುವಂತಿಲ್ಲ. ಇದನ್ನು ಧ್ವನಿಯ ಮಟ್ಟ ಏರಿಸಿದ ಬಳಿಕವೇ ಅಳೆಯಬೇಕು: ಮುದ್ರಣದಲ್ಲಿ ಮೈನಸ್ 65ರಲ್ಲಿದ್ದ ಸದ್ದು, ಧ್ವನಿಯನ್ನು 8 ಡೆಸಿಬಲ್ ಏರಿಸಿದೊಡನೆ ಮೈನಸ್ 57ಕ್ಕೆ ಬಂದು ನಿಲ್ಲುತ್ತದೆ. ಹಾಗಾದಾಗ ಫಿಲ್ಟರನ್ನು ಇನ್ನಷ್ಟು ಬಿಗಿಗೊಳಿಸುವ ಬದಲು, ಮೈಕನ್ನು ಇನ್ನೆರಡು ಬೆರಳು ಹತ್ತಿರಕ್ಕೆ ತಂದು, ಬೀದಿಯಲ್ಲಿ ಓಡಾಟ ಕಡಿಮೆಯಿರುವ ಹೊತ್ತಿನಲ್ಲಿ ಮತ್ತೆ ಮುದ್ರಿಸುವುದೇ ಒಳ್ಳೆಯದು.